ನೇರಳೆ ಪೆನ್ನು

ಸೇಡಂ ತಾಲೂಕು, ಎರಡನೇ ವಾರ್ಡು, ಶಾಲೆಯ ಉತ್ತರದ ಕೋಣೆ.
ಅವತ್ತು ನಾನು ಮತಗಟ್ಟೆಯ ದೊಡ್ಡ ಸಾಹೇಬ,
ಉಳಿದ ದಿನ ಗಣಿತದ ಮೇಷ್ಟ್ರು.
ತೊಗರಿ ಕೊಯ್ಯುವ ಡಿಸೆಂಬರು. ಏಳಕ್ಕೇ ಬಂದು
ಸೊಂಟದಲ್ಲಿ ಕುಡಗೋಲು ಸಿಗಿಸಿಕೊಂಡು ನಿಂತಿದ್ದರು.
ಹೊರಗಿಡ್ರಿ ಎಂದೆ. ಫರ್ಸಿಯ ಮೇಲೆ
ಹದಿನೇಳು ಕುಡಗೋಲು ಸಾಲಾಗಿ ಮಲಗಿದವು,
ಸಾಲು ತಪ್ಪಿಸಿ ಮೊದಲೇ ಮತ ಹಾಕಿದವರ ಹಾಗೆ.

ಹೆಂಗಸರಿಗೆ ಮೀಸಲು. ಚೀಟಿಯಲ್ಲಿ ನಾಲ್ಕು ಗುರುತು:
ಸಿಲಿಂಡರು, ಹೊಲಿಗೆ ಯಂತ್ರ, ಆಟೋ, ಕುಕ್ಕರು.
ಕುಕ್ಕರು ನಿಂತದ್ದು ಗೆಲ್ಲಲಿಕ್ಕಲ್ಲ,
ಹೊಲಿಗೆ ಯಂತ್ರದ ಓಣಿಯನ್ನು ನಡುವೆ ಸೀಳಲಿಕ್ಕೆ;
ಡಿಪಾಜಿಟ್ಟು ಕಟ್ಟಿದ್ದು ಸಿಲಿಂಡರಿನ ಮಾವ.
ಊರ ನಾಯಿಗೂ ಗೊತ್ತಿದ್ದ ಮಾತು.
ಗೊತ್ತಿದ್ದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿಲ್ಲ.

ಹತ್ತೂವರೆಗೆ ಬಸ್ಲಿಂಗಮ್ಮ.
ಸೇಡಮ್ಮಿನ ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ನೂರೈವತ್ತು ತಟ್ಟುವ ಕೈ.
ಹಿಟ್ಟು ಕೂತ ಉಗುರಿಗೆ ಶಾಯಿ ಹತ್ತಲೊಲ್ಲದು,
ಒರೆಸಿ ಒರೆಸಿ ಹಚ್ಚಿದೆವು.
ಮುದ್ರೆ ಕೈಗೆ ತಗೊಂಡವಳು ಅಲ್ಲೇ ನಿಂತಳು.
"ಸರ, ನಾ ಒತ್ತಾಕಿ ಗೆಲ್ಲಂಗಿಲ್ಲ, ನನಗ ಗೊತ್ತದ.
ಆಕಿ ಬಿದ್ದರ ನಂದು ಯಾರಿಗಿ?
ಅದು ಎಲ್ಲಿ ಒತ್ತಬೇಕ್ರಿ?"

ನಾಲ್ವರು ಏಜೆಂಟರು ನಕ್ಕರು. ನಾನೂ,
ಸುಳ್ಳೇಕೆ, ಸ್ವಲ್ಪ ನಕ್ಕೆ.
"ಅಂಥ ಜಾಗ ಇಲ್ಲವ್ವಾ. ಒಂದೇ ಒತ್ತು."
"ಇದ್ಯಾವ ಕಾಯ್ದೆರಿ? ಕಲಬುರಗಿ ಬಸ್ಸು ತಪ್ಪಿದರ
ಚಿತ್ತಾಪುರದ್ದು ಹತ್ತಿ ಹೋಗತೀವಿ.
ಮನಿಗೇ ಹೊಳ್ಳಿ ಹೋಗು ಅಂತ ಯಾರರ ಅಂತಾರೇನು?"
ಗೊಣಗುತ್ತ ರಟ್ಟಿನ ಮರೆಗೆ ಹೋದಳು.
ಅವಳ ಹಿಂದಿನ ಸಾಲು ಒಮ್ಮೆಲೇ ಸುಮ್ಮನಾಗಿತ್ತು.

ಎಣಿಕೆಯ ದಿನ ಅದೇ ವಾರ್ಡಿನ ಮೇಜು ನನಗೇ ಬಂತು.
ಸಿಲಿಂಡರು ನೂರಾ ಹತ್ತೊಂಬತ್ತು.
ಹೊಲಿಗೆ ಯಂತ್ರ ನೂರಾ ಹನ್ನೆರಡು.
ಆಟೋ ತೊಂಬತ್ತೇಳು, ಕುಕ್ಕರು ಐವತ್ತೆರಡು.
ಬೇಡ ಅಂದವರು ಇನ್ನೂರ ಅರವತ್ತೊಂದು,
ಗುಲಾಲು ಮಾತ್ರ ನೂರಾ ಹತ್ತೊಂಬತ್ತಕ್ಕೆ.
ಹುಡುಗರಿಗೆ ಇಂಥ ಲೆಕ್ಕ ಕೊಟ್ಟು
ಇಂಥ ಉತ್ತರ ಬರೆದರೆ ಸೊನ್ನೆ ಹಾಕುತ್ತೇನೆ.

ಕೆಟ್ಟ ಚೀಟಿ ಎಂಟು.
ಮೂರರಲ್ಲಿ ಮುದ್ರೆ ಗೆರೆಯ ಮೇಲೆ ಕೂತಿತ್ತು.
ಐದರಲ್ಲಿ ಎರಡೆರಡು:
ಮೊದಲನೆಯದು ಗಟ್ಟಿ, ಆಟೋದ ಮನೆಯಲ್ಲಿ, ಕುಕ್ಕರಿನ ಮನೆಯಲ್ಲಿ;
ಎರಡನೆಯದು ತೆಳು, ಶಾಯಿ ಮುಟ್ಟಿಸದೆ ಒತ್ತಿದ್ದು,
ಸಣ್ಣ ದನಿಯಲ್ಲಿ ಹೇಳಿದಂತೆ:
ಇಲ್ಲಂದ್ರ ಈಕಿ.
ಐದರ ಬೆನ್ನಿಗೂ ನಾನೇ ಬಡಿದೆ: ತಿರಸ್ಕೃತ.
ನನ್ನ ಮುದ್ರೆ ಪ್ರತಿ ಸಲ ಗಟ್ಟಿಯಾಗಿಯೇ ಬಿತ್ತು.

ಮುಂದೆ ಜೂನಿನಲ್ಲಿ ಶಿಕ್ಷಕರ ಕ್ಷೇತ್ರದ ಚುನಾವಣೆ.
ಅದೇ ಶಾಲೆಗಳು, ಅಂಥದೇ ರಟ್ಟಿನ ಮರೆ,
ಕೈಗೆ ನೇರಳೆ ಬಣ್ಣದ ಪೆನ್ನು ಕೊಟ್ಟರು.
ಒಂದು ಬರಿ, ಎರಡು ಬರಿ, ಮೂರು ಬರಿ.
ನನ್ನವನು ಬಿದ್ದರೆ ನನ್ನ ಮತ ಮಣ್ಣು ಕೊಡವಿಕೊಂಡು
ಪಕ್ಕದ ಮನೆಯ ಬಾಗಿಲು ಬಡಿಯುತ್ತದೆ.
ಯಾರೂ ನಗಲಿಲ್ಲ.
ಇಪ್ಪತ್ತು ವರ್ಷದಿಂದ ಹೀಗೇ ಬರೆದಿದ್ದೇನೆ,
ಒಮ್ಮೆಯೂ ಕೇಳಿಕೊಂಡಿರಲಿಲ್ಲ:
ಬಿ.ಎಡ್. ಆದವನ ಮನಸ್ಸಿಗೆ ಎರಡು ಬಾಗಿಲು,
ರೊಟ್ಟಿ ತಟ್ಟುವವಳ ಮನಸ್ಸಿಗೆ ಒಂದೇ
ಎಂದು ಅಳೆದವರು ಯಾರು, ಯಾವ ಟೇಪಿನಿಂದ?
ಒಂದು ಬರೆದೆ.
ಎರಡು ಬರೆಯಲು ಕೈ ಏಳಲಿಲ್ಲ, ಬಹಳ ಹೊತ್ತು.
ಹೊರಗೆ ಯಾರೋ ಕೆಮ್ಮಿದರು. ಬರೆದೆ.

ಬರುತ್ತ ರೊಟ್ಟಿ ಕೇಂದ್ರಕ್ಕೆ ಹೋದೆ.
ನನ್ನ ಬೆರಳಿನ ಮಸಿ ನೋಡಿ, ಏನೂ ಕೇಳದೆ,
ಖಾಲಿ ಬುಟ್ಟಿ ಬಗ್ಗಿಸಿ ತೋರಿಸಿದಳು ಬಸ್ಲಿಂಗಮ್ಮ.
"ಕಡಕ್ ಮುಗದಾವ ಸರ.
ಮೆತ್ತನವು ನಡೀತಾವೇನ್ರಿ?"
ನಡೀತಾವ, ಅಂದೆ.